‘ಇನ್‌ಕಲ್ಕೇಟ್’ ಎಂಬ ಕ್ರಿಯಾಪದದ ಅರ್ಥವಿಚಾರ

ಈ ಸ್ಮರಣ ಸಂಚಿಕೆಯ ಮೊದಲ ಪುಟಗಳಲ್ಲಿ ನಮ್ಮ ವಿದ್ಯಾಸಂಸ್ಥೆಯ ಧ್ಯೇಯೋದ್ದೇಶಗಳನ್ನು ಕನ್ನಡದಲ್ಲಿಯೂ ಅಚ್ಚು ಮಾಡಿಸಬೇಕೆಂದು ಸಂಪಾದಕ ಮಂಡಲಿಯವರು ನಿಶ್ಚಯಿಸಿ, ಇಂಗ್ಲಿಷಿನಲ್ಲಿದ್ದ ಒಂದು ಪುಟವನ್ನು ಕನ್ನಡಿಸಿಕೊಡುವ ಭಾರವನ್ನು ನನಗೆ ವಹಿಸಿದರು. ಏಳೆಂಟು ವಾಕ್ಯಗಳ ಕೆಲಸ. ಒಂದು ಸಂಜೆಯೊಳಗೆ ಮುಗಿದೀತೆಂದು ಒಪ್ಪಿಕೊಂಡೆನು. ಆರು ವಾಕ್ಯಗಳು ಸುಲಭವಾಗಿಯೇ ಒಲಿದು ಬಂದುವು. ಏಳನೆಯದರಲ್ಲಿ, ವಿದ್ಯಾರ್ಥಿಗಳಲ್ಲಿ ನೈತಿಕ ಮೌಲ್ಯಗಳನ್ನು ‘ಇನ್‌ಕಲ್ಕೇಟ್’ ಮಾಡುವುದು ಸಂಸ್ಥೆಯ ಪರಮೋದ್ದೇಶವೆಂದು ಹೇಳಿದ್ದಿತು. ಅಲ್ಲಿ ನನ್ನ ಲೇಖನಿ ನಿಂತಿತು.

ಮೊದಲು ‘ಮೌಲ್ಯಗಳನ್ನು ತುಂಬುವುದು’ ಎಂದು ಬರೆದೆನು. ತುಂಬುವುದು ಕೊಡಕ್ಕೆ ನೀರನ್ನು, ಚೀಲಕ್ಕೆ ಭತ್ತವನ್ನು. ಮಗುವಿಗೆ ಆ ಮಾತು ಒಪ್ಪದೆಂದು ಹೊಡೆದು ಹಾಕಿದೆನು. ‘ಬೋಧಿಸುವುದು’ ಎಂದು ಬರೆದೆನು. ಬೋಧನೆಯು ಕಿವಿಯವರೆಗೆ ಹೋಗಿ ಅಲ್ಲಿಯೇ ನಿಂತುಬಿಡಬಹುದು. ‘ಬಿತ್ತುವುದು’ ಎಂದು ಬರೆದೆನು. ಬಿತ್ತಿದವನು ಮರುದಿನವೇ ಗದ್ದೆಗೆ ಬೆನ್ನು ಹಾಕಿ ನಡೆದರೆ ಬೆಳೆಯ ಹೊಣೆ ಯಾರದು? ಕೊನೆಗೆ ನಮ್ಮ ಇಂಗ್ಲಿಷ್ ಅಧ್ಯಾಪಕರನ್ನು ವಿಚಾರಿಸಿದೆನು. ಅವರು ನಕ್ಕು, “ಪಂಡಿತರೇ, ಪ್ರತಿ ವರ್ಷದ ವರದಿಯಲ್ಲಿಯೂ ನಾನು ಈ ಶಬ್ದವನ್ನು ಬರೆಯುತ್ತಲೇ ಬಂದಿದ್ದೇನೆ. ಇದರ ಅರ್ಥವೇನೆಂದು ಇದುವರೆಗೆ ಯಾರೂ ಕೇಳಿರಲಿಲ್ಲ” ಎಂದರು. ಅವರ ಮಾತಿನಲ್ಲಿ ವಿನೋದವಿದ್ದರೂ ನನಗೆ ನಿದ್ರೆ ಬರಲಿಲ್ಲ. ಯಾವ ಶಬ್ದದ ಮೇಲೆ ಒಂದು ವಿದ್ಯಾಸಂಸ್ಥೆಯ ಉದ್ದೇಶವೇ ನಿಂತಿದೆಯೋ ಆ ಶಬ್ದದ ಅರ್ಥವನ್ನು ಕೇಳದೆ ಬಿಡುವುದು ಶಬ್ದಶಾಸ್ತ್ರವನ್ನು ಓದಿದವನಿಗೆ ತರವಲ್ಲ. ಆ ವಿಚಾರದ ಫಲವೇ ಈ ಲೇಖನ.

ಶಬ್ದದ ಮೂಲ

‘ಇನ್‌ಕಲ್ಕೇಟ್’ ಎಂಬುದು ಇಂಗ್ಲಿಷಿಗೆ ಲ್ಯಾಟಿನ್ ಭಾಷೆಯಿಂದ 16ನೆಯ ಶತಮಾನದಲ್ಲಿ ಬಂದ ಶಬ್ದ. ಲ್ಯಾಟಿನ್ನಿನಲ್ಲಿ ‘ಕಾಲ್ಕ್ಸ್’ ಎಂದರೆ ಹಿಮ್ಮಡಿ. ಅದರಿಂದ ಹುಟ್ಟಿದ ‘ಕಲ್ಕಾರೆ’ ಎಂಬ ಧಾತುವಿಗೆ ತುಳಿ, ಮೆಟ್ಟು ಎಂದು ಅರ್ಥ. ‘ಇನ್’ ಎಂಬ ಉಪಸರ್ಗವು ‘ಒಳಕ್ಕೆ’ ಎಂಬುದನ್ನು ಸೂಚಿಸುತ್ತದೆ. ಆದುದರಿಂದ ‘ಇನ್‌ಕಲ್ಕಾರೆ’ ಎಂದರೆ ಹಿಮ್ಮಡಿಯಿಂದ ಒಳಕ್ಕೆ ಮೆಟ್ಟುವುದು. ಒಂದು ಸಲ ಮೆಟ್ಟಿದರೆ ಮಣ್ಣು ಗಟ್ಟಿಯಾಗುವುದಿಲ್ಲ. ಮತ್ತೆ ಮತ್ತೆ ಮೆಟ್ಟಬೇಕು. ಈ ‘ಮತ್ತೆ ಮತ್ತೆ’ ಎಂಬ ಭಾವವೇ ಇಂದಿಗೂ ಆ ಇಂಗ್ಲಿಷ್ ಶಬ್ದದ ಜೀವಾಳ. ಪದೇ ಪದೇ ಹೇಳಿ, ಎಚ್ಚರಿಸಿ, ಒಂದು ಭಾವನೆಯನ್ನಾಗಲಿ ಅಭ್ಯಾಸವನ್ನಾಗಲಿ ಮನಸ್ಸಿನಲ್ಲಿ ನೆಲೆಗೊಳಿಸುವುದು ಎಂದು ನಿಘಂಟುಕಾರರು ಅರ್ಥ ಬರೆಯುತ್ತಾರೆ.

ಹಿಮ್ಮಡಿಯ ಮಾತನ್ನು ಕೇಳಿದೊಡನೆ ಸಹೃದಯರಿಗೆ ಸ್ವಲ್ಪ ಕಸಿವಿಸಿಯಾಗುವುದು ಸಹಜ. ಮಗುವಿನ ಮನಸ್ಸನ್ನು ಮೆಟ್ಟುವುದೇ ಶಿಕ್ಷಣವೇ? ಆದರೆ ಮೆಟ್ಟುವುದರಲ್ಲಿಯೂ ಎರಡು ಬಗೆಯುಂಟು. ಘಟ್ಟದ ಮೇಲಿನ ಈ ಶಾಲೆಗೆ ಬರುವ ಮೊದಲು ನಾನು ಹುಟ್ಟಿ ಬೆಳೆದದ್ದು ನೇತ್ರಾವತಿಯ ಆಸುಪಾಸಿನ ಬಂಟ್ವಾಳ ಸೀಮೆಯಲ್ಲಿ. ಅಲ್ಲಿ ಮುಂಗಾರಿನ ಏಣೇಲು ಬೆಳೆಗೆ ಗದ್ದೆಯನ್ನು ಹದಗೊಳಿಸುವಾಗ ಹಸುರು ಸೊಪ್ಪನ್ನು ಕೆಸರಿನಲ್ಲಿ ಹರಡಿ ಕಾಲಿನಿಂದ ತುಳಿದು ಹೂಳುವುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಆ ತುಳಿತದಿಂದ ಮಣ್ಣಿಗೆ ನೋವಾಗುವುದಿಲ್ಲ, ಸಾರ ಕೂಡುತ್ತದೆ. ಅನಂತರ ನೇಜಿಯನ್ನು ನೆಡುವಾಗ ಅದೇ ಮಣ್ಣು ಮೃದುವಾಗಿ ಬೇರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ದಾರಿಯ ಮಣ್ಣನ್ನು ತುಳಿದರೂ ಅದು ಗಟ್ಟಿಯಾಗಿ ಹುಲ್ಲು ಸಹ ಹುಟ್ಟದಂತಾಗುತ್ತದೆ. ಎರಡೂ ತುಳಿತವೇ. ಒಂದರಿಂದ ಗದ್ದೆಯಾಯಿತು, ಇನ್ನೊಂದರಿಂದ ಬರಿಯ ಹಾದಿಯಾಯಿತು. ‘ಇನ್‌ಕಲ್ಕೇಟ್’ ಮಾಡುತ್ತೇವೆಂದು ಹೇಳುವ ನಾವು ಇವುಗಳಲ್ಲಿ ಯಾವುದನ್ನು ಮಾಡುತ್ತಿದ್ದೇವೆ ಎಂಬುದೇ ಮುಂದಿನ ಪ್ರಶ್ನೆ.

ಪ್ರಯೋಗದ ನಿಯಮಗಳು

ಅಧ್ಯಾಪಕ ಮಿತ್ರರಿಗೆ ಉಪಯೋಗವಾಗಲೆಂದು ಈ ಕ್ರಿಯಾಪದದ ಪ್ರಯೋಗಕ್ರಮವನ್ನು ಸಂಗ್ರಹವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಇದು ಸಕರ್ಮಕ ಧಾತು. ಇದರ ಕರ್ಮವು ಮೌಲ್ಯ, ಅಭ್ಯಾಸ, ಶ್ರದ್ಧೆ, ಶಿಸ್ತು ಮೊದಲಾದ ಗುಣವಾಚಕ ಶಬ್ದವಾಗಿರಬೇಕು. ಮಗ್ಗಿಯನ್ನು ‘ಇನ್‌ಕಲ್ಕೇಟ್’ ಮಾಡಿದೆನೆಂದಾಗಲಿ ಈಜನ್ನು ‘ಇನ್‌ಕಲ್ಕೇಟ್’ ಮಾಡಿದೆನೆಂದಾಗಲಿ ಬಲ್ಲವರು ಬರೆಯುವುದಿಲ್ಲ. ಅವು ಕಲಿಸುವ ವಿಷಯಗಳು. ಇದು ನೆಲೆಗೊಳಿಸುವ ಕ್ರಿಯೆ.

ಎರಡನೆಯದಾಗಿ, ಯಾರ ಮನಸ್ಸಿನಲ್ಲಿ ನೆಲೆಗೊಳಿಸುತ್ತೇವೆಯೋ ಆ ವ್ಯಕ್ತಿಯ ಹೆಸರಿಗೆ ಮೊದಲು ‘ಇನ್’ ಎಂಬ ಶಬ್ದ ಬರಬೇಕು. ಕನ್ನಡದಲ್ಲಿ ಇದು ಸಪ್ತಮೀ ವಿಭಕ್ತಿ: ‘ಮಕ್ಕಳಲ್ಲಿ ಪ್ರಾಮಾಣಿಕತೆಯನ್ನು’. ಈಚೆಗೆ ‘ಮಕ್ಕಳನ್ನು ಮೌಲ್ಯಗಳಿಂದ ಇನ್‌ಕಲ್ಕೇಟ್ ಮಾಡುವುದು’ ಎಂಬ ರೀತಿಯ ಪ್ರಯೋಗವೂ ಕಾಣುತ್ತದೆ, ಕೆಲವು ನಿಘಂಟುಗಳು ಅದನ್ನು ದಾಖಲಿಸಿಯೂ ಇವೆ. ಆದರೂ ಭಾಷೆಯ ವಿಷಯದಲ್ಲಿ ಎಚ್ಚರವುಳ್ಳವರು ಅದನ್ನು ಬಳಸುವುದಿಲ್ಲ.

ಮೂರನೆಯದಾಗಿ, ಈ ಶಬ್ದಕ್ಕೆ ಸ್ವಂತವಾದ ಪುಣ್ಯವಿಲ್ಲ. ಸತ್ಯವನ್ನು ನೆಲೆಗೊಳಿಸಿದಂತೆಯೇ ಭಯವನ್ನೂ ದ್ವೇಷವನ್ನೂ ನೆಲೆಗೊಳಿಸಬಹುದು. ಆಗಲೂ ಇಂಗ್ಲಿಷಿನವರು ಇದೇ ಶಬ್ದವನ್ನು ಬಳಸುತ್ತಾರೆ. ಶಬ್ದವು ಭಾರವಾಗಿದೆಯೆಂದ ಮಾತ್ರಕ್ಕೆ ಕ್ರಿಯೆಯು ಪವಿತ್ರವಾಗುವುದಿಲ್ಲ.

ನಾಲ್ಕನೆಯದಾಗಿ, ಇದರ ಇಬ್ಬರು ನೆಂಟರನ್ನು ಗುರುತಿಟ್ಟುಕೊಳ್ಳಬೇಕು. ‘ಇನ್‌ಸ್ಟಿಲ್’ ಎಂಬುದು ‘ಸ್ಟಿಲ್ಲಾ’ ಎಂಬ ಲ್ಯಾಟಿನ್ ಶಬ್ದದಿಂದ ಬಂದುದು. ‘ಸ್ಟಿಲ್ಲಾ’ ಎಂದರೆ ಹನಿ. ಹನಿಹನಿಯಾಗಿ ಒಳಗೆ ಇಳಿಸುವುದು ಎಂದು ಅದರ ಮೂಲಾರ್ಥ. ವಿಜ್ಞಾನದ ಕೋಣೆಯಲ್ಲಿರುವ ‘ಡಿಸ್ಟಿಲ್ಡ್ ವಾಟರ್’ ಸೀಸೆಯ ಹೆಸರಿನಲ್ಲಿಯೂ ಅದೇ ಹನಿಯಿದೆ. ಇನ್ನೊಂದು ‘ಇಂಬೈಬ್’. ಅದಕ್ಕೆ ಕುಡಿ, ಹೀರು ಎಂದು ಅರ್ಥ. ‘ಅಧ್ಯಾಪಕರು ಮಕ್ಕಳಲ್ಲಿ ಮೌಲ್ಯಗಳನ್ನು ಇಂಬೈಬ್ ಮಾಡಬೇಕು’ ಎಂದು ಭಾಷಣಗಳಲ್ಲಿ ಕೇಳಿಬರುತ್ತದೆ. ಇದು ತಪ್ಪು. ಕುಡಿಯುವವನು ಅಧ್ಯಾಪಕನಲ್ಲ, ಮಗು. ‘ಮಕ್ಕಳು ಗುರುಗಳಿಂದ ಮೌಲ್ಯಗಳನ್ನು ಇಂಬೈಬ್ ಮಾಡುತ್ತಾರೆ’ ಎನ್ನುವುದೇ ಶುದ್ಧ ಪ್ರಯೋಗ.

ಈ ಶಬ್ದಗಳು ನಮ್ಮ ನಾಡಿನಲ್ಲಿ ಇಷ್ಟು ಬಳಕೆಗೆ ಬರಲು ಕಾರಣವುಂಟು. 1959ರಲ್ಲಿ ಭಾರತ ಸರ್ಕಾರವು ಶ್ರೀಪ್ರಕಾಶರ ಅಧ್ಯಕ್ಷತೆಯಲ್ಲಿ ಧಾರ್ಮಿಕ ಮತ್ತು ನೈತಿಕ ಬೋಧನೆಯ ವಿಷಯವಾಗಿ ಸಮಿತಿಯೊಂದನ್ನು ನೇಮಿಸಿತು. 1964ರಿಂದ 1966ರವರೆಗೆ ಕಾರ್ಯನಿರ್ವಹಿಸಿದ ಕೊಠಾರಿ ಆಯೋಗ, 1986ರ ರಾಷ್ಟ್ರೀಯ ಶಿಕ್ಷಣ ನೀತಿ, 2020ರ ನೂತನ ನೀತಿ, ಇವೆಲ್ಲವೂ ಮೌಲ್ಯಶಿಕ್ಷಣದ ಅಗತ್ಯವನ್ನು ಎತ್ತಿ ಹೇಳಿದುವು. ಆ ಚರ್ಚೆಯ ಇಂಗ್ಲಿಷ್ ಮಾತುಗಳು ಶಾಲೆಗಳ ವರದಿಗಳಿಗೂ ಪ್ರವೇಶಪತ್ರಗಳಿಗೂ ಇಳಿದು ಬಂದುವು. ಶಬ್ದವು ಮೇಲಿನಿಂದ ಕೆಳಕ್ಕೆ ಇಳಿದಷ್ಟು ಸುಲಭವಾಗಿ ಅರ್ಥವು ಇಳಿಯಲಿಲ್ಲ.

ಕನ್ನಡದ ಸಂಪತ್ತು

ಇಂಗ್ಲಿಷಿನ ಈ ಮೂರು ಶಬ್ದಗಳಿಗೆ ಕನ್ನಡದಲ್ಲಿ ಸಮಾನಪದಗಳಿಲ್ಲವೇ? ಮಂಗಳೂರಿನ ಬಾಸೆಲ್ ಮಿಶನ್ನಿನವರು 1894ರಲ್ಲಿ ಪ್ರಕಟಿಸಿದ ಕಿಟೆಲ್ಲರ ನಿಘಂಟು ಕನ್ನಡದಿಂದ ಇಂಗ್ಲಿಷಿಗೆ ಹೋಗುವಂಥದು. ಇಂಗ್ಲಿಷ್ ಶಬ್ದವನ್ನು ಅಲ್ಲಿ ನೇರವಾಗಿ ಹುಡುಕಲಾಗದು. ಆದರೆ ಕನ್ನಡದ ಧಾತುಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ನಮ್ಮ ಸಿರಿವಂತಿಕೆ ತಿಳಿಯುತ್ತದೆ.

‘ಮನದಟ್ಟು ಮಾಡು’ ಎನ್ನುತ್ತೇವೆ. ಮಾತು ಮನಸ್ಸನ್ನು ತಟ್ಟಬೇಕು. ‘ಮನಗಾಣಿಸು’ ಎನ್ನುತ್ತೇವೆ, ಮನ ಮತ್ತು ಕಾಣು ಎಂಬಲ್ಲಿ ಆದೇಶ ಸಂಧಿಯಾಗಿ ‘ಮನಗಾಣು’ ಆಯಿತು, ಅಲ್ಲಿ ಕಾಣುವ ಕೆಲಸ ಕೇಳುವವನದೇ. ‘ಮನಸ್ಸಿಗೆ ನಾಟುವಂತೆ’ ಎನ್ನುತ್ತೇವೆ. ನಾಟಿಯೆಂಬುದು ಗದ್ದೆಯ ಮಾತು. ‘ಬೇರೂರಿಸು’, ‘ರೂಢಿಸು’, ‘ಅಳವಡಿಸು’ ಎಂಬುವೂ ಇವೆ. ಆಯುರ್ವೇದದಲ್ಲಿ ಚೂರ್ಣವನ್ನು ಗಿಡಮೂಲಿಕೆಯ ರಸದಲ್ಲಿ ನೆನಸಿ, ಅರೆದು, ಒಣಗಿಸಿ, ಮತ್ತೆ ನೆನಸುವ ಕ್ರಮಕ್ಕೆ ‘ಭಾವನೆ’ ಕೊಡುವುದೆಂದು ಹೆಸರು. ಏಳು ಭಾವನೆ ಕೊಟ್ಟ ಚೂರ್ಣದಲ್ಲಿ ರಸವನ್ನು ಬೇರ್ಪಡಿಸಲಾಗದು. ಮತ್ತೆ ಮತ್ತೆ ಮಾಡುವುದು ಎಂಬ ಇಂಗ್ಲಿಷ್ ಶಬ್ದದ ತಿರುಳು ಇಲ್ಲಿ ಹಿಮ್ಮಡಿಯಿಲ್ಲದೆಯೇ ದೊರಕಿತು.

ಇವೆಲ್ಲಕ್ಕಿಂತಲೂ ನನಗೆ ಪ್ರಿಯವಾದುವು ಎರಡು. ಒಂದು ‘ತಿದ್ದು’. ಮಗುವು ಅಕ್ಷರಾಭ್ಯಾಸದಲ್ಲಿ ಗುರುವು ಬರೆದುಕೊಟ್ಟ ಅಕ್ಷರದ ಮೇಲೆಯೇ ಬೆರಳಾಡಿಸಿ ಮತ್ತೆ ಮತ್ತೆ ಬರೆಯುವುದಕ್ಕೆ ತಿದ್ದುವುದೆನ್ನುತ್ತೇವೆ. ತಪ್ಪನ್ನು ಸರಿಪಡಿಸುವುದಕ್ಕೂ ಅದೇ ಮಾತು. ಒಳ್ಳೆಯದರ ಮೇಲೆ ಕೈಯಾಡಿಸುವುದೇ ಕೆಟ್ಟದ್ದನ್ನು ಕಳೆಯುವ ಮಾರ್ಗವೆಂದು ಭಾಷೆಯೇ ಹೇಳಿದಂತಾಯಿತು. ಇನ್ನೊಂದು ‘ಮೈಗೂಡು’. ಮೈ ಮತ್ತು ಕೂಡು ಎಂಬೆರಡು ಸೇರಿ ಆದ ಶಬ್ದ. ಕೇಳಿದ ಗುಣವು ಕಿವಿಯನ್ನು ದಾಟಿ, ಮನಸ್ಸನ್ನು ದಾಟಿ, ಮೈಯೊಂದಿಗೆ ಕೂಡಿಕೊಳ್ಳಬೇಕು; ಕೈಕಾಲುಗಳು ತಾವಾಗಿಯೇ ಹಾಗೆ ನಡೆಯಬೇಕು. ನಡೆಯುವುದರಿಂದಲೇ ‘ನಡತೆ’. ಮೌಲ್ಯವೆಂಬ ಮಾತು ಇಷ್ಟು ಬಳಕೆಗೆ ಬರುವ ಮೊದಲು ನಮ್ಮ ಹಿರಿಯರು ನಡತೆ, ನಡೆನುಡಿ ಎಂದೇ ಹೇಳುತ್ತಿದ್ದರು. ಲ್ಯಾಟಿನ್ನಿನವರಂತೆ ನಾವೂ ಕಾಲನ್ನೇ ನೆನೆದೆವು. ಆದರೆ ಮೆಟ್ಟುವ ಕಾಲನ್ನಲ್ಲ, ನಡೆಯುವ ಕಾಲನ್ನು.

ಕಾರಕವಿಚಾರ

ಈಗ ಈ ಲೇಖನದ ಮುಖ್ಯ ವಿಷಯಕ್ಕೆ ಬರುತ್ತೇನೆ. ವ್ಯಾಕರಣವೆಂದರೆ ಶುಷ್ಕವೆಂದು ಭಾವಿಸುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ.

ಒಂದು ಕ್ರಿಯೆ ನಡೆಯುವಾಗ ಯಾರು ಯಾವ ಸ್ಥಾನದಲ್ಲಿದ್ದಾರೆಂಬುದನ್ನು ಕಾರಕಗಳು ತೋರಿಸುತ್ತವೆ. ‘ಗುರುವು ಶಿಷ್ಯನಲ್ಲಿ ಸತ್ಯವನ್ನು ನೆಲೆಗೊಳಿಸುತ್ತಾನೆ’ ಎಂಬಲ್ಲಿ ಗುರು ಕರ್ತೃ, ಸತ್ಯ ಕರ್ಮ, ಶಿಷ್ಯ ಅಧಿಕರಣ, ಎಂದರೆ ಆಧಾರ. ‘ಗುರುವು ಶಿಷ್ಯನನ್ನು ಸತ್ಯದಿಂದ’ ಎಂದು ತಪ್ಪಾಗಿ ಹೇಳಿದೊಡನೆ ಏನಾಯಿತು ನೋಡಿ. ಶಿಷ್ಯನು ಕರ್ಮವಾದನು, ಸತ್ಯವು ಕರಣವಾಯಿತು, ಎಂದರೆ ಸಾಧನವಾಯಿತು. ‘ಕೊಡಲಿಯಿಂದ ಮರವನ್ನು ಕಡಿದನು’ ಎಂಬಲ್ಲಿ ಕೊಡಲಿಗೆ ಯಾವ ಸ್ಥಾನವೋ ಇಲ್ಲಿ ಸತ್ಯಕ್ಕೂ ಅದೇ ಸ್ಥಾನ, ಮರಕ್ಕೆ ಯಾವ ಸ್ಥಾನವೋ ಮಗುವಿಗೂ ಅದೇ. ಮೌಲ್ಯವನ್ನು ಕೋಲನ್ನಾಗಿ ಹಿಡಿದು ಮಗುವನ್ನು ಬಡಿಯುವ ಅಪಾಯವು ಒಂದು ವಿಭಕ್ತಿಯ ತಪ್ಪಿನಲ್ಲಿಯೇ ಅಡಗಿದೆ.

ಇನ್ನು ‘ಶಿಷ್ಯನು ಗುರುವಿನಿಂದ ಸತ್ಯವನ್ನು ಹೀರಿಕೊಳ್ಳುತ್ತಾನೆ’ ಎಂಬ ವಾಕ್ಯವನ್ನು ನೋಡೋಣ. ಇಲ್ಲಿ ಶಿಷ್ಯನೇ ಕರ್ತೃ. ಗುರುವಿಗೆ ಅಪಾದಾನ ಕಾರಕ, ಪಂಚಮೀ ವಿಭಕ್ತಿ. ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಇದು ಹೊಸದಲ್ಲ. ನಿಯಮಪೂರ್ವಕವಾಗಿ ವಿದ್ಯೆಯನ್ನು ಗ್ರಹಿಸುವಲ್ಲಿ ಹೇಳಿಕೊಡುವವನಿಗೆ ಅಪಾದಾನ ಸಂಜ್ಞೆಯಾಗುತ್ತದೆಂದು ಪಾಣಿನಿಯು ಪ್ರತ್ಯೇಕವಾಗಿ ಒಂದು ಸೂತ್ರವನ್ನೇ ರಚಿಸಿದ್ದಾನೆ. ಆ ಸೂತ್ರಕ್ಕೆ ವ್ಯಾಖ್ಯಾನಕಾರರು ಕೊಡುವ ಪ್ರತ್ಯುದಾಹರಣೆ ಇನ್ನೂ ಅರ್ಥವತ್ತಾದುದು. ಉಪಾಧ್ಯಾಯನಿಂದ ಓದುತ್ತಾನೆ ಎಂಬಲ್ಲಿ ಪಂಚಮಿ ಸರಿ. ಆದರೆ ನಟನು ಹಾಡುವುದನ್ನು ಕೇಳುವಾಗ ನಟನಿಗೆ ಪಂಚಮಿ ಬಾರದು, ಷಷ್ಠಿಯೇ. ಏಕೆಂದರೆ ಅಲ್ಲಿ ನಿಯಮವಿಲ್ಲ, ವಿದ್ಯಾಸ್ವೀಕಾರವಿಲ್ಲ, ಬರಿಯ ಕೇಳುವಿಕೆಯಿದೆ. ಈ ಸೂತ್ರವನ್ನು ಗುರುಗಳ ಬಳಿ ಓದಿದಾಗ ಪರೀಕ್ಷೆಗೆಂದು ಕಂಠಪಾಠ ಮಾಡಿದೆನು. ಅದು ನನ್ನಂಥ ಅಧ್ಯಾಪಕರಿಗೆ ಒಡ್ಡಿದ ಪ್ರಶ್ನೆಯೆಂದು ತಿಳಿಯಲು ಬಹುಕಾಲ ಬೇಕಾಯಿತು. ತರಗತಿಯಲ್ಲಿ ನಾನು ನಿಂತಾಗ ಮಕ್ಕಳ ಪಾಲಿಗೆ ನಾನು ಪಂಚಮಿಯೋ, ಷಷ್ಠಿಯೋ?

ವಿದ್ವಾಂಸರು ಒಂದು ಆಕ್ಷೇಪವನ್ನು ಎತ್ತಬಹುದು. ‘ಗುರುವು ಶಿಷ್ಯನಿಗೆ ಓದಿಸುತ್ತಾನೆ’ ಎಂಬ ಪ್ರೇರಣಾರ್ಥಕದಲ್ಲಿ ಸಂಸ್ಕೃತವು ಶಿಷ್ಯನಿಗೆ ಕರ್ಮಸಂಜ್ಞೆಯನ್ನು ವಿಧಿಸುತ್ತದಲ್ಲವೇ ಎಂದು. ವಿಧಿಸುವುದು ನಿಜ. ಆದರೆ ಪ್ರೇರಣೆಯಿಲ್ಲದಾಗ ಯಾವನು ಕರ್ತೃವಾಗಿದ್ದನೋ ಅವನೇ ಪ್ರೇರಣೆಯಲ್ಲಿ ಕರ್ಮವಾಗುತ್ತಾನೆಂಬುದು ಆ ಸೂತ್ರದ ಅಭಿಪ್ರಾಯ. ಓದುವವನು ಮೊದಲೇ ಇರಬೇಕು, ಓದಿಸುವವನು ಆಮೇಲೆ. ಕನ್ನಡದಲ್ಲಿಯೂ ಹಾಗೆಯೇ. ‘ಮೈಗೂಡು’ ಎಂಬ ಧಾತುವಿಲ್ಲದೆ ‘ಇಸು’ ಪ್ರತ್ಯಯವನ್ನು ಎಲ್ಲಿಗೆ ಹಚ್ಚುವುದು? ಮಗುವಿನ ಸ್ವಂತ ಕ್ರಿಯೆಯೇ ಪ್ರಕೃತಿ. ನಮ್ಮ ಶ್ರಮವೆಲ್ಲ ಅದಕ್ಕೆ ಹತ್ತುವ ಪ್ರತ್ಯಯ ಮಾತ್ರ.

ನನ್ನ ಸೀಮೆಯ ಮೂರು ನಿದರ್ಶನಗಳು

ಈ ವಿಚಾರವು ಗ್ರಂಥಸ್ಥವಾಗಿಯೇ ಉಳಿಯದಿರಲೆಂದು ನನ್ನ ಹುಟ್ಟೂರಿನ ಕಡೆಯ ಮೂರು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ಬಂಟ್ವಾಳದ್ದು. 1874ರಲ್ಲಿ ಅಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದವರು. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದವರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಶಾಲೆಯ ತನಿಖೆಗೆ ಹೋಗುವ ಅಧಿಕಾರಿಗೆ ಮಕ್ಕಳನ್ನು ಗದರಿಸುವ ಅಧಿಕಾರ ಬೇಕಾದಷ್ಟಿತ್ತು. ಪಂಜೆಯವರು ಮಕ್ಕಳಿಗೆ ಹಾಡನ್ನೂ ಕಥೆಯನ್ನೂ ಕೊಟ್ಟರು. ಅವರ ‘ಹಾವಿನ ಹಾಡು’ ನಾಡಿನ ಮಕ್ಕಳ ಬಾಯಲ್ಲಿ ತಲೆಮಾರುಗಳಿಂದ ಉಳಿದಿದೆ. ಭಯ ಹುಟ್ಟಿಸುವ ಪ್ರಾಣಿಯೊಂದನ್ನು ಮಗುವು ಸ್ನೇಹದಿಂದ ಮಾತನಾಡಿಸುತ್ತದೆ. ಕೊನೆಯಲ್ಲಿ ನೀತಿಯ ಬಾಲವಿಲ್ಲ. ನಿರ್ಭಯವೂ ದಯೆಯೂ ಹನಿಹನಿಯಾಗಿ ಇಳಿದುದು ಮಗುವಿಗೆ ತಿಳಿಯುವುದೇ ಇಲ್ಲ. ‘ಇನ್‌ಸ್ಟಿಲ್’ ಎಂಬ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನರಿಯೆ. ಬೋಧಿಸುವ ಸ್ಥಾನದಲ್ಲಿದ್ದವರು ತಮ್ಮನ್ನು ಶಿಷ್ಯನೆಂದು ಕರೆದುಕೊಂಡದ್ದೂ ಮನನೀಯವಾಗಿದೆ.

ಎರಡನೆಯದು ಮೂಡುಬಿದಿರೆಯದು. 1430ರಲ್ಲಿ ನಿರ್ಮಾಣವಾದ ಸಾವಿರ ಕಂಬದ ಬಸದಿಯನ್ನು ಎಲ್ಲರೂ ಬಲ್ಲರು. ಅದೇ ಊರಿನ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ ಮೊದಲಾದ ಜೈನ ಸಿದ್ಧಾಂತಗ್ರಂಥಗಳ ತಾಳೆಗರಿಯ ಪ್ರತಿಗಳು, ಬೇರೆಲ್ಲಿಯ ಹಳೆಯ ಪ್ರತಿಗಳೂ ಉಳಿಯದಿದ್ದಾಗ, ಹಳಗನ್ನಡ ಲಿಪಿಯಲ್ಲಿ ಸುರಕ್ಷಿತವಾಗಿ ಉಳಿದುವು. ಕಾಪಾಡಿದವರ ಶ್ರದ್ಧೆಗೆ ನಾಡು ಎಂದೆಂದಿಗೂ ಋಣಿ. ಆದರೂ ಬಹುಕಾಲ ಅವು ಯಾತ್ರಿಕರಿಗೆ ದರ್ಶನದ ವಸ್ತುಗಳಾಗಿದ್ದುವೇ ಹೊರತು ಪಠನದ ವಸ್ತುಗಳಾಗಿರಲಿಲ್ಲ. ಪ್ರತಿ ಮಾಡುವ ಕಾರ್ಯ ನಡೆದು, 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಗ್ರಂಥವು 16 ಸಂಪುಟಗಳಲ್ಲಿ ಅಚ್ಚಾಗತೊಡಗಿದ ಮೇಲೆಯೇ ಅದು ದೇಶದ ವಿದ್ವಾಂಸರ ಕೈಗೆ ಬಂದಿತು. ನಮ್ಮ ಮೌಲ್ಯಗಳ ಸ್ಥಿತಿಯೂ ಹೀಗೆಯೇ ಇದೆ. ಗೋಡೆಯ ಮೇಲೆ ಬಣ್ಣದಲ್ಲಿ ಬರೆಯಿಸುತ್ತೇವೆ, ಸಮಾರಂಭಗಳಲ್ಲಿ ಕೈಮುಗಿಯುತ್ತೇವೆ. ಭದ್ರವಾಗಿರುವುದು ಬೇರೆ, ಬಾಳಿನಲ್ಲಿ ಬೆರೆಯುವುದು ಬೇರೆ. ತಾಳೆಗರಿಯು ಒಂದು ಕೈಯಿಂದ ಇನ್ನೊಂದು ಕೈಗೆ ಪ್ರತಿಯಾಗಿ ಇಳಿದಾಗಲೇ ಗ್ರಂಥವು ಬದುಕುತ್ತದೆ.

ಮೂರನೆಯದು ಬೆಳ್ತಂಗಡಿ ತಾಲ್ಲೂಕಿನದು. ಫಲ್ಗುಣಿ ನದಿಯ ದಡದ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲನು ಸ್ಥಾಪಿಸಿದ ಸುಮಾರು 35 ಅಡಿ ಎತ್ತರದ ಬಾಹುಬಲಿಯ ಮೂರ್ತಿಯಿದೆ. 2024ರಲ್ಲಿ ಅದಕ್ಕೆ ಮಹಾಮಸ್ತಕಾಭಿಷೇಕವು ನೆರವೇರಿತು. ಅಣ್ಣನನ್ನು ಗೆದ್ದು, ಗೆದ್ದ ರಾಜ್ಯವನ್ನು ಅಲ್ಲಿಯೇ ಬಿಟ್ಟು ನಡೆದವನ ಮೂರ್ತಿ ಅದು. ನಾನು ಹಲವು ಸಲ ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದೇನೆ. ಬಸ್ಸಿನಲ್ಲಿ ಗಲಾಟೆ ಮಾಡುತ್ತ ಬಂದ ಹುಡುಗರು ಆ ಮೂರ್ತಿಯ ಮುಂದೆ ತಾವಾಗಿಯೇ ತಗ್ಗಿದ ದನಿಯಲ್ಲಿ ಮಾತನಾಡುತ್ತಾರೆ. ಅಲ್ಲಿ ಯಾರೂ ‘ಸುಮ್ಮನಿರಿ’ ಎನ್ನಲಿಲ್ಲ, ತ್ಯಾಗದ ಮೇಲೆ ಭಾಷಣ ಮಾಡಲಿಲ್ಲ. ಕಣ್ಣೇ ಕುಡಿಯಿತು. ಇದು ‘ಇಂಬೈಬ್’.

ಒಂದು ತಪ್ಪೊಪ್ಪಿಗೆ

ಇಷ್ಟು ಬರೆದ ಮೇಲೆ ನನ್ನ ಸ್ವಂತದ ಒಂದು ವಿಷಯವನ್ನು ಮುಚ್ಚಿಟ್ಟರೆ ಈ ಲೇಖನವೂ ನಟನ ಹಾಡಾದೀತು.

ನಾನು ಅಧ್ಯಾಪಕನಾದ ಮೊದಲ ವರ್ಷಗಳ ಮಾತು. ಆಗ ಬೇರೊಂದು ಶಾಲೆಯಲ್ಲಿದ್ದೆನು. ಎಂಟನೆಯ ತರಗತಿಯ ಹುಡುಗನೊಬ್ಬನು ಮನೆಗೆಲಸದ ಪುಸ್ತಕವನ್ನು ತಾರದೆ, ಮಳೆಯಲ್ಲಿ ನೆನೆಯಿತೆಂದು ಸುಳ್ಳು ಹೇಳಿ ಸಿಕ್ಕಿಬಿದ್ದನು. ಸತ್ಯವನ್ನು ‘ಇನ್‌ಕಲ್ಕೇಟ್’ ಮಾಡುವ ಉತ್ಸಾಹ ನನಗೆ ಆಗ ತುಂಬ ಇದ್ದಿತು. ‘ನಾನು ಇನ್ನು ಮುಂದೆ ಸುಳ್ಳು ಹೇಳುವುದಿಲ್ಲ’ ಎಂದು ನೂರು ಸಲ ಬರೆದು ತರಲು ಆಜ್ಞಾಪಿಸಿದೆನು. ಮರುದಿನ ಅವನು ಬರೆದು ತಂದನು. ಮೊದಲ ಇಪ್ಪತ್ತು ಸಾಲುಗಳು ಅವನ ಕೈಬರಹ. ಉಳಿದುವು ದುಂಡಗಿನ ಇನ್ನೊಂದು ಕೈಯವು.

“ಇದನ್ನೆಲ್ಲ ನೀನೇ ಬರೆದೆಯೋ?” ಎಂದೆನು.

“ಹೌದು ಸಾರ್, ನಾನೇ.”

ಸುಳ್ಳು ಹೇಳುವುದಿಲ್ಲವೆಂಬ ನೂರು ಸಾಲುಗಳ ಮೇಲೆಯೇ ಇನ್ನೊಂದು ಸುಳ್ಳು. ಸಿಟ್ಟಿನಿಂದ ಬೆತ್ತವನ್ನು ತೆಗೆದು ಎರಡು ಏಟು ಕೊಟ್ಟೆನು. ಅಳುತ್ತ ಅವನು ಸತ್ಯವನ್ನು ಹೇಳಿದನು: “ಅಕ್ಕನ ಹತ್ತಿರ ಬರೆಸಿದೆ ಸಾರ್. ನಿಮ್ಮ ಪಾಠದ ಟಿಪ್ಪಣಿಯನ್ನು ನಾವು ಬರೆದುಕೊಡುತ್ತೇವಲ್ಲ, ಹಾಗೆ.”

ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಪ್ರತಿ ವಾರ ಮುಖ್ಯೋಪಾಧ್ಯಾಯರಿಗೆ ಒಪ್ಪಿಸಬೇಕಾದ ಪಾಠಟಿಪ್ಪಣಿಯನ್ನು ಹೊಸದಾಗಿ ಬರೆಯುವ ಶ್ರಮವನ್ನು ತಪ್ಪಿಸಿಕೊಳ್ಳಲು, ಹಿಂದಿನ ವರ್ಷದ ಪುಸ್ತಕವನ್ನು ಅಕ್ಷರ ಚೆನ್ನಾಗಿರುವ ಹುಡುಗರ ಕೈಗೆ ಕೊಟ್ಟು, ತಾರೀಖು ಬದಲಾಯಿಸಿ ನಕಲು ಮಾಡಿಸುತ್ತಿದ್ದೆನು. ಅದನ್ನು ಅವರು ಗೌರವವೆಂದೇ ಭಾವಿಸಿದ್ದರು. ಬೇರೆಯವರ ಕೈಯಲ್ಲಿ ಬರೆಸಿ ತನ್ನದೆಂದು ಒಪ್ಪಿಸುವ ವಿದ್ಯೆಯನ್ನು ಆ ಹುಡುಗನು ಯಾರಿಂದ ಕಲಿತನು? ಪಂಚಮೀ ವಿಭಕ್ತಿ, ಅಪಾದಾನ ಕಾರಕ, ನನ್ನಿಂದ. ನಾನು ನೂರು ಸಲ ಬರೆಸಿದ ಸತ್ಯವು ಅವನಲ್ಲಿ ಇಳಿಯಲಿಲ್ಲ. ಒಂದು ಸಲವೂ ಬೋಧಿಸದ ಅಸತ್ಯವು ಚೆನ್ನಾಗಿ ಮೈಗೂಡಿತ್ತು.

ಅಂದಿನಿಂದ ಟಿಪ್ಪಣಿಯನ್ನು ನಾನೇ ಬರೆಯುತ್ತಿದ್ದೇನೆ. ಬೆತ್ತವನ್ನು ಬಿಡಲು ಮಾತ್ರ ಇನ್ನೂ ಕೆಲವು ವರ್ಷಗಳು ಹಿಡಿದುವು. 2009ರ ಶಿಕ್ಷಣ ಹಕ್ಕು ಕಾಯಿದೆಯು ತನ್ನ 17ನೆಯ ಪ್ರಕರಣದಲ್ಲಿ ಮಕ್ಕಳಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಹಿಮ್ಮಡಿಯನ್ನು ಕಾನೂನು ಎತ್ತಿಸಿತು. ಆದರೆ ಹೆಜ್ಜೆಯನ್ನು ಎಲ್ಲಿ ಇಡಬೇಕೆಂಬುದನ್ನು ಯಾವ ಕಾನೂನೂ ಕಲಿಸಲಾರದು. ಅದನ್ನು ನಾವೇ ಕಲಿಯಬೇಕು.

ಉಪಸಂಹಾರ

ಕನ್ನಡದಲ್ಲಿ ‘ಮೇಲ್ಪಂಕ್ತಿ’ ಎಂಬ ಸೊಗಸಾದ ಮಾತಿದೆ. ಕಾಪಿ ಪುಸ್ತಕದಲ್ಲಿ ಗುರುವು ಮೇಲೆ ಒಂದು ಸಾಲನ್ನು ಬರೆದುಕೊಟ್ಟರೆ ಶಿಷ್ಯನು ಕೆಳಗೆ ಅದನ್ನೇ ನೋಡಿ ಬರೆಯುತ್ತಾನೆ. ಮೇಲಿನ ಸಾಲು ಸೊಟ್ಟಗಿದ್ದರೆ ಕೆಳಗಿನ ಸಾಲುಗಳನ್ನು ಬೈದು ಫಲವಿಲ್ಲ. ನಮ್ಮ ಪ್ರಸಾದನಿಲಯದಲ್ಲಿ ಬೆಳೆದ ಹಳೆಯ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡಬಾರದೆಂಬುದನ್ನು ಯಾವ ಪಾಠದಲ್ಲಿ ಓದಿದಿರಿ ಎಂದರೆ ಅವರು ಪಾಠದ ಹೆಸರನ್ನು ಹೇಳುವುದಿಲ್ಲ. ತಮ್ಮೊಂದಿಗೆ ಪಂಕ್ತಿಯಲ್ಲಿ ಕುಳಿತು ಉಂಡು, ತಮ್ಮ ತಟ್ಟೆಯನ್ನು ತಾವೇ ತೊಳೆದ ಹಿರಿಯರೊಬ್ಬರನ್ನು ನೆನೆಯುತ್ತಾರೆ. ‘ಅವರಿಂದ ಕಲಿತೆ’ ಎನ್ನುತ್ತಾರೆ. ಮತ್ತೆ ಪಂಚಮಿಯೇ.

ದಾನಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆ. ಕೊಠಡಿಯನ್ನು ಕಟ್ಟಿಸಿಕೊಟ್ಟಿರಿ, ಗ್ರಂಥಭಂಡಾರವನ್ನು ಒದಗಿಸಿದಿರಿ, ಸಂಸ್ಥೆಯು ಕೃತಜ್ಞವಾಗಿದೆ. ವರ್ಷಕ್ಕೊಮ್ಮೆಯಾದರೂ ಬಂದು ಮಕ್ಕಳ ನಡುವೆ ಒಂದು ಹೊತ್ತು ಕುಳಿತುಕೊಳ್ಳಿರಿ. ದಾಸೋಹವೆಂಬ ಶಬ್ದದ ಅರ್ಥವನ್ನು ನಾನು ತರಗತಿಯಲ್ಲಿ ಹೇಳಬಲ್ಲೆನು. ಕೊಟ್ಟವರು ಕೆಳಗೆ ಕುಳಿತುದನ್ನು ಕಂಡ ಮಗುವಿಗೆ ನನ್ನ ವಿವರಣೆಯ ಅಗತ್ಯ ಬೀಳದು.

ಇನ್ನು ಆ ಏಳನೆಯ ವಾಕ್ಯದ ಗತಿಯೇನಾಯಿತೆಂದು ಓದುಗರು ಕೇಳಬಹುದು. ಹಲವು ದಿನಗಳ ಚಿಂತನೆಯ ಮೇಲೆ ಹೀಗೆ ಬರೆದುಕೊಟ್ಟೆನು: ‘ಸತ್ಯ, ಕಾಯಕ, ದಯೆ ಮೊದಲಾದ ಗುಣಗಳು ವಿದ್ಯಾರ್ಥಿಗಳಲ್ಲಿ ಮೈಗೂಡುವಂತೆ ನಾವು ನಡೆದುಕೊಳ್ಳುವುದು.’ ಇಂಗ್ಲಿಷ್ ಅಧ್ಯಾಪಕರು ಅದನ್ನು ಎರಡು ಸಲ ಓದಿ, “ಪಂಡಿತರೇ, ಮೂಲದಲ್ಲಿ ಕೆಲಸವೆಲ್ಲ ಮಕ್ಕಳ ಮೇಲಿತ್ತು. ನೀವು ಅದನ್ನು ನಮ್ಮ ಮೇಲೆ ಹಾಕಿಬಿಟ್ಟಿರಲ್ಲ” ಎಂದರು. ಹೌದೆಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗೆಯೇ ಅಚ್ಚಿಗೆ ಕಳುಹಿಸಿರೆಂದರು.

ಆ ವಾಕ್ಯವು ಈ ಸಂಚಿಕೆಯ ಮೊದಲ ಪುಟಗಳಲ್ಲಿದೆ. ಅನುವಾದದಲ್ಲಿ ದೋಷವಿದ್ದರೆ ಬಲ್ಲವರು ತಿದ್ದಬೇಕು. ಆಚರಣೆಯಲ್ಲಿ ದೋಷ ಕಂಡರೆ ನಮ್ಮ ಮಕ್ಕಳು ಅದನ್ನು ತಿದ್ದದೆ ಹಾಗೆಯೇ ನಕಲು ಮಾಡಿಕೊಳ್ಳುತ್ತಾರೆಂಬ ಎಚ್ಚರ ನಮಗೆಲ್ಲರಿಗೂ ಇರಲಿ.